ಮತ್ತದೇ ಲಾಂಗು, ಮತ್ತದೇ ಮಚ್ಚು: ಹೊಸ ಚಿತ್ರಕಥೆ ಕಿರಾಣಿ ಅಂಗಡಿಯಲ್ಲೇ ಇದೆ!

ಶುಕ್ರವಾರ ಬೆಳಗ್ಗೆ ಟಾಕೀಸಿನ ಮುಂದೆ ಕಟೌಟಿಗೆ ಹಾರ, ಪಟಾಕಿ, ಶಿಳ್ಳೆ. ಸೋಮವಾರದ ಹೊತ್ತಿಗೆ ಬಾಲ್ಕನಿ ಖಾಲಿ. ಎದುರಿನ ಟೀ ಅಂಗಡಿಯವರಿಗೆ ಪೋಸ್ಟರ್ ನೋಡಿದರೇ ಗೊತ್ತಾಗಿಬಿಡುತ್ತೆ, ಈ ವಾರ ಎಷ್ಟು ಹಾಲು ತರಿಸಬೇಕು ಅಂತ. ಪೋಸ್ಟರಿನಲ್ಲಿ ಗಡ್ಡ, ರಕ್ತ, ಕೈಯಲ್ಲಿ ಲಾಂಗು ಇದ್ದರೆ ಮೂರು ದಿನದ ವ್ಯಾಪಾರ, ಅಷ್ಟೇ.

ಹಾಗಂತ ರೌಡಿಸಂ ಕಥೆಗಳು ಜನಕ್ಕೆ ಬೇಡವಾಗಿವೆ ಅನ್ನೋದು ತಪ್ಪು. ಬೇಡವಾಗಿರುವುದು ಒಂದೇ ಥರದ ಚಿತ್ರಕಥೆ. ಊರಿಂದ ಬಂದ ಮುಗ್ಧ ಹುಡುಗ, ಒಂದು ಅನ್ಯಾಯ, ಮೊದಲ ಕೊಲೆ, ಇಂಟರ್ವಲ್‌ಗೆ ಡಾನ್, ಕೊನೆಗೆ ಸಾವು ಇಲ್ಲವೇ ಪಶ್ಚಾತ್ತಾಪ. ಮುಂದಿನ ಸೀನು ಏನು ಅಂತ ಗಾಂಧಿ ಕ್ಲಾಸಿನಲ್ಲಿ ಕೂತವನೇ ಹೇಳ್ತಾನೆ.

ಹಾಗಾದರೆ ಇದೇ ಸರಕಿನಲ್ಲಿ ಗೆದ್ದವರು ಮಾಡಿದ್ದೇನು? ಉಪೇಂದ್ರ ನಿರ್ದೇಶನದ ‘ಓಂ’ (1995) ನೋಡಿ. ನಿಜವಾದ ರೌಡಿಗಳು ಬಣ್ಣ ಹಚ್ಚಿದ್ದರು ಅನ್ನೋದನ್ನೇ ಎಲ್ಲರೂ ಮಾತಾಡ್ತಾರೆ. ಆದರೆ ಆ ಸಿನಿಮಾದ ಅಸಲಿ ತಾಕತ್ತು ಕಥೆ ಬಿಚ್ಚಿಕೊಳ್ಳುವ ಕ್ರಮದಲ್ಲಿದೆ. ಮೊದಲು ಕಾಣುವುದು ಹುಡುಗಿಯ ಬೆನ್ನುಬಿದ್ದ ರೌಡಿ. ಅವನು ಅರ್ಚಕರ ಮಗ, ಅವನು ಈ ದಾರಿ ಹಿಡಿಯೋಕೆ ಆಕೆಯೇ ಕಾರಣ ಅನ್ನೋದು ಆಮೇಲೆ ಗೊತ್ತಾಗುತ್ತೆ. ಅಷ್ಟು ಹೊತ್ತಿಗೆ ಪ್ರೇಕ್ಷಕ ಒಂದು ತೀರ್ಪು ಕೊಟ್ಟು ಕೂತಿರ್ತಾನೆ. ಅದನ್ನು ವಾಪಸ್ ತಗೋಬೇಕಾಗುತ್ತೆ.

ಹತ್ತು ವರ್ಷ ಬಿಟ್ಟು ಬಂದ ಪ್ರೇಮ್ ಅವರ ‘ಜೋಗಿ’ (2005) ಕಥೆಯ ಭಾರವನ್ನು ರೌಡಿಯಿಂದ ತೆಗೆದು ಅವನ ತಾಯಿಯ ಹೆಗಲಿಗೆ ಹಾಕಿತು. ಬೆಂಗಳೂರಿನಲ್ಲಿ ಮಗನನ್ನು ಹುಡುಕುತ್ತಾ ಅಲೆಯುವ ಆ ತಾಯಿಗೆ ಮಗ ಏನಾಗಿದ್ದಾನೆ ಅನ್ನೋದೇ ತಿಳಿಯದು. ಸತ್ತಿರುವುದು ತನ್ನ ತಾಯಿ ಅಂತ ತಿಳಿಯದೆ ಮಗ ಶವಯಾತ್ರೆಯ ಮುಂದೆ ಕುಣಿಯುವ ದೃಶ್ಯ ಇವತ್ತಿಗೂ ಜನರ ಬಾಯಲ್ಲಿದೆ. ಆ ದೃಶ್ಯಕ್ಕೆ ಲಾಂಗು ಬೇಕಾಗಲೇ ಇಲ್ಲ.

ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ಮಂಗಳೂರಿನ ಇಬ್ಬರು ಗೆಳೆಯರ ಗ್ಯಾಂಗ್ ಕಥೆ. ಅಲ್ಲಿ ಒತ್ತಡದಲ್ಲಿ ನಲುಗುವ ಸಬ್ ಇನ್‌ಸ್ಪೆಕ್ಟರ್ ಬ್ರಹ್ಮಯ್ಯನ ಸಂಕಟವೂ ಕಥೆಗೆ ಅಷ್ಟೇ ಮುಖ್ಯ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಲ್ಪೆಯ ಒಂದೇ ಘಟನೆಯನ್ನು ಹಲವರ ಕಣ್ಣಲ್ಲಿ ತೋರಿಸಿತು. ಬಿಡುಗಡೆಯಾದಾಗ ಅದು ದೊಡ್ಡ ಗೆಲುವೇನೂ ಕಾಣಲಿಲ್ಲ ನಿಜ. ಅಭಿಮಾನಿಗಳು ಹುಟ್ಟಿಕೊಂಡಿದ್ದು ನಿಧಾನಕ್ಕೆ. ಹೊಸತನ ಮಾಡಿದ ತಕ್ಷಣ ಗಲ್ಲಾ ತುಂಬುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ.

ನಾಲ್ಕರಲ್ಲೂ ಘಟನೆಗಳು ಹಳೆಯವೇ. ಬದಲಾಗಿದ್ದು ನೋಡುವವರ ಜಾಗ. ‘ಕೆಜಿಎಫ್’ (2018) ಗೆದ್ದ ಮೇಲೆ ಅದರ ಹಿಂದೆ ಓಡಿದವರಿಗೆ ಇದೇ ಅರ್ಥವಾಗಲಿಲ್ಲ. ಕಪ್ಪು ಬಣ್ಣ, ಹೊಗೆ, ಹಿನ್ನೆಲೆಯಲ್ಲಿ ಕಥೆ ಹೇಳುವ ಗಡಸು ದನಿ ಎಲ್ಲವನ್ನೂ ಎತ್ತಿಕೊಂಡರು. ತಾಯಿಗೆ ಕೊಟ್ಟ ಮಾತೊಂದು ಇಡೀ ಕಥೆಯನ್ನು ಎಳೆದುಕೊಂಡು ಹೋಗುತ್ತೆ ಅನ್ನೋದನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಇಷ್ಟಾದರೂ ರೌಡಿ ಸಿನಿಮಾದಲ್ಲಿ ಸರಿಯಾಗಿ ಕಣ್ಣಿಗೇ ಬೀಳದವರು ಒಬ್ಬರಿದ್ದಾರೆ: ಪೇಟೆ ಬೀದಿಯ ಅಂಗಡಿಯವರು. ಚೇಸಿಂಗ್ ಸೀನಿನಲ್ಲಿ ತಳ್ಳುಗಾಡಿ ಉರುಳುತ್ತೆ, ಟೊಮೆಟೊ ಚೆಲ್ಲುತ್ತೆ, ಹೀರೋ ಹಾರಿ ಮುಂದೆ ಹೋಗ್ತಾನೆ. ಕ್ಯಾಮೆರಾ ಅವನ ಹಿಂದೆ. ಆ ಟೊಮೆಟೊಗೆ ದುಡ್ಡು ಕೊಟ್ಟವರು ಯಾರು? ಯಾರೂ ಕೇಳಲ್ಲ.

ತಾಲ್ಲೂಕಿನಲ್ಲಿ ಕೂತು ಚಿತ್ರಕಥೆ ಬರೆಯುವ ಹುಡುಗರು ಬೆಂಗಳೂರಿನ ಭೂಗತ ಲೋಕ ಕಲ್ಪಿಸಿಕೊಳ್ಳಬೇಕಿಲ್ಲ. ಒಂದು ಕಿರಾಣಿ ಅಂಗಡಿ ಸಾಕು. ರಾತ್ರಿ ಬಾಗಿಲು ಹಾಕುವ ಹೊತ್ತಲ್ಲಿ ಎದುರು ರಸ್ತೆಯಲ್ಲಿ ಗಲಾಟೆ, ಒಬ್ಬನಿಗೆ ಏಟು. ಅಂಗಡಿ ಮುಂದಿನ ಸಿಸಿಟಿವಿಯಲ್ಲಿ ಎಲ್ಲಾ ರೆಕಾರ್ಡ್ ಆಗಿದೆ. ಬೆಳಗ್ಗೆ ಪೊಲೀಸರು ಫೂಟೇಜ್ ಕೇಳ್ತಾರೆ. ಕೊಟ್ಟರೆ ಹೊಡೆದವರ ಕಡೆಯವರು ಸುಮ್ಮನಿರಲ್ಲ. ಕ್ಯಾಮೆರಾ ಕೆಟ್ಟಿತ್ತು ಅಂದರೆ ಸ್ಟೇಷನ್ನಿಗೆ ಅಲೆದಾಟ. ಸಾಕ್ಷಿಯಾದರೆ ಕೋರ್ಟು ಕರೆದಾಗಲೆಲ್ಲ ಅಂಗಡಿ ಬಂದ್. ಜೊತೆಗೆ ಏಟು ತಿಂದವನೂ ತಿಂಗಳ ಸಾಲದ ಲೆಕ್ಕದ ಗಿರಾಕಿ, ಹೊಡೆದವನೂ ಅದೇ ಪುಸ್ತಕದಲ್ಲಿದ್ದಾನೆ.

ಒಳಗೆ ಟೇಬಲ್ ಕೆಳಗೆ ಡಿವಿಆರ್ ಡಬ್ಬಿಯ ಲೈಟು ಮಿನುಗ್ತಿದೆ. ಮಗಳು ಕೇಳ್ತಾಳೆ: ‘ಅಪ್ಪಾ, ಕೊಡ್ತೀರಾ?’ ಹೊರಗೆ ಯಾರೋ ಅರ್ಧ ಇಳಿಸಿದ ಶಟರ್ ತಟ್ತಾರೆ. ಪೊಲೀಸರೋ, ಗಿರಾಕಿಯೋ, ಆ ಕಡೆಯವರೋ ಗೊತ್ತಿಲ್ಲ. ಇಂಟರ್ವಲ್ ಅಲ್ಲಿಗೆ ಬಿದ್ದರೂ ಟಾಕೀಸಿನಿಂದ ಯಾರೂ ಎದ್ದು ಹೋಗಲ್ಲ.