ಗುರಿಯೂ ಅಂದಾಜೂ

ಗುರಿಗೂ ಅಂದಾಜಿಗೂ ಇರುವ ಅಂತರವನ್ನು ನಾನು ಅರಿತದ್ದು ಯಾವ ವಾಣಿಜ್ಯ ಗ್ರಂಥದಿಂದಲೂ ಅಲ್ಲ. ಹುಣಸೂರು ಸಮೀಪದ ಹಳ್ಳಿಯೊಂದರ ಜಗಲಿಯ ಮೇಲೆ ಕುಳಿತು. ಕನ್ನಡ ಎಂ.ಎ. ಮಾಡಿದವನಿಗೆ ಈ ಲೆಕ್ಕದ ಉಸಾಬರಿ ಏತಕ್ಕೆಂದು ನನ್ನ ಶ್ರೀಮತಿಯೂ ಕೇಳಿದ್ದುಂಟು. ವಾಚಕ ಮಹಾಶಯರು ಮನ್ನಿಸಬೇಕು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಸೀಮೆಯಲ್ಲಿ ಹೊಗೆಸೊಪ್ಪಿನ ಮಾತಿಲ್ಲದೆ ಸಂಸಾರದ ಮಾತಿಲ್ಲ. 1975ರ ಕಾಯಿದೆಯ ಮೇರೆಗೆ 1976ರಲ್ಲಿ ಅಸ್ತಿತ್ವಕ್ಕೆ ಬಂದ, ಗುಂಟೂರಿನಲ್ಲಿ ಕೇಂದ್ರ ಕಚೇರಿಯುಳ್ಳ ತಂಬಾಕು ಮಂಡಳಿಯು ದೇಶವಿದೇಶಗಳ ಬೇಡಿಕೆಯನ್ನು ನೋಡಿ, ಕರ್ನಾಟಕದಲ್ಲಿ ಇಂತಿಷ್ಟು ಸೊಪ್ಪು ಬೆಳೆಯಬಹುದೆಂದು ವರ್ಷವರ್ಷವೂ ನಿಗದಿ ಮಾಡುತ್ತದೆ. ಅದು ನೋಂದಾಯಿತ ರೈತರ ಬ್ಯಾರನ್‌ಗಳಿಗೆ ಹಂಚಿಕೆಯಾಗುತ್ತದೆ. ಇದು ವಿಚಿತ್ರವಾದ ಗುರಿ: ಮುಟ್ಟದಿದ್ದರೆ ನಷ್ಟ, ಮೀರಿದರೆ ದಂಡ. ಕೆಲವು ವರ್ಷ ಕೇಂದ್ರ ಸರ್ಕಾರ ಆ ದಂಡವನ್ನು ಮನ್ನಾ ಮಾಡಿದ್ದೂ ಉಂಟು.

ನನ್ನ ವಿದ್ಯಾರ್ಥಿಯೊಬ್ಬ, ಬಿ.ಕಾಂ. ಹುಡುಗ, ಮನೆಯ ಲೆಕ್ಕವನ್ನು ಕಂಪ್ಯೂಟರಿನ ಯೋಜನಾ ತಂತ್ರಾಂಶಕ್ಕೆ ಏರಿಸಿದ್ದ. ಮೂರು ಕಾಲಂ: ಗುರಿ, ಅಂದಾಜು, ನಿಜವಾದ ಮಾರಾಟ. ಗುರಿಯ ಕಾಲಮಿನಲ್ಲಿ 17 ಕ್ವಿಂಟಲ್. ಅಂದಾಜಿನಲ್ಲಿಯೂ 17! ವ್ಯತ್ಯಾಸ ಸೊನ್ನೆ ಬಂದುದನ್ನು ಕಂಡು ಅವನು ಹಿಗ್ಗಿದ್ದ. ಆ ಅಂಕಿಯನ್ನು ಹಿಂದಿನ ವರ್ಷದ ದರದಿಂದ ಗುಣಿಸಿ, ಬಂದ ಮೊತ್ತವನ್ನು ನಂಬಿ, ಅಕ್ಕನ ಮದುವೆಗೆ ಕೈಸಾಲ ಎತ್ತುವ ಮಾತುಕತೆಯೂ ನಡೆದಿತ್ತು.

“ಅಂದಾಜು ಎಲ್ಲಿಂದ ಬಂತಪ್ಪ?” ಎಂದೆ.

“ಗುರಿಯಿಂದಲೇ ಸಾರ್, ಕಾಪಿ ಮಾಡಿದೆ.”

ನಗುವ ಹಾಗಿರಲಿಲ್ಲ. ಕಾಲೇಜಿನಲ್ಲಿ ಫಲಿತಾಂಶದ ಗುರಿಯನ್ನು ಕೇಳಿದಾಗ ನಾನೂ ಮಾಡುವುದು ಅದನ್ನೇ ಅಲ್ಲವೆ? ಗುರಿಯನ್ನು ನಮ್ಮ ಇಷ್ಟದಿಂದಲೋ ಮೇಲಿನವರ ಅಪ್ಪಣೆಯಿಂದಲೋ ಬರೆದುಬಿಡಬಹುದು. ಅಂದಾಜಿಗಾದರೋ ಹೊಲಕ್ಕೆ ಇಳಿಯಬೇಕು.

ಅವನ ತಂದೆ ಇಳಿದಿದ್ದರು. ಆಷಾಢದ ಮಳೆ ಬಿಡದೆ ಹೊಡೆದು, ತಗ್ಗಿನ ಹೊಲದಲ್ಲಿ ನೀರು ನಿಂತಿತ್ತು. “ಎಲೆ ಅಗಲವಾಗಿ ಕಾಣ್ತದೆ ಮೇಷ್ಟ್ರೇ, ತೂಕ ಇಲ್ಲ. ಹನ್ನೆರಡರ ಮೇಲೆ ಬಂದರೆ ದೇವರ ದಯ” ಎಂದರು. ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ಅಂದಾಜನ್ನು 12 ಎಂದು ತಿದ್ದಿದ. ಪಕ್ಕದಲ್ಲಿ 5 ಕ್ವಿಂಟಲಿನ ಕೊರತೆ ಕೆಂಪಕ್ಷರದಲ್ಲಿ ಮೂಡಿತು. ಕೂಡಲೇ, “ಹಾಗಾದರೆ ಗುರಿಯನ್ನೇ 12 ಮಾಡಿಬಿಡಲೆ? ಕೆಂಪು ಹೋಗುತ್ತದೆ” ಎಂದ. ಕೆಂಪು ಹೋಗುತ್ತದೆ, ನಿಜ, ಕೊರತೆಯಿರುವುದೇ ಮರೆತುಹೋಗುತ್ತದೆ. ಬೇಡವೆಂದೆ.

ತಂದೆ ಬಹಳ ಹೊತ್ತು ಆ ಕೆಂಪು ಅಂಕಿಯನ್ನೇ ನೋಡುತ್ತಿದ್ದರು. ಮರುವಾರ ಛತ್ರದ ಮುಂಗಡವನ್ನು ಹಿಂದಕ್ಕೆ ಪಡೆದು, ಮದುವೆಯನ್ನು ಮನೆಯ ಮುಂದಿನ ಚಪ್ಪರದಲ್ಲೇ ನಡೆಸುವುದೆಂದು ಬೀಗರಿಗೆ ಹೇಳಿಕಳುಹಿಸಿದರು. ಕೈಸಾಲ ಅರ್ಧಕ್ಕಿಳಿಯಿತು. ಬೀಗರು ಮುಖ ಊದಿಸಿಕೊಂಡರೆಂದೂ ಕೇಳಿದೆ.

ಹರಾಜು ಮುಗಿದಾಗ ಮೂರನೆಯ ಕಾಲಮಿಗೆ ಬಂದದ್ದು 13. ಈ ಸಲ ಸಸಿಮಡಿ ಹಾಕುವ ಮುನ್ನವೇ ತಂದೆ ಮಗನನ್ನು ಕೂಗಿದರಂತೆ: “ಆ ನಡುವಿನ ಕಾಲಂ ತೆಗಿಯೋ, ಸಾಲ ಎಷ್ಟು ಎತ್ತಬೇಕು ನೋಡಾನ.”