ಅದು ದೇಶ ಆಯ್ತು, ಊರು ಯಾವುದು?

ಅಣ್ಣ ಇರೋದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ಅತ್ತಿಗೆ ಅಲ್ಲಿಯವರೇ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದ್ರು, "ನಿಮ್ಮ ಮೂಲ ಎಲ್ಲಿ?" ಅತ್ತಿಗೆ "ಸ್ಕಾಟ್ಲೆಂಡ್" ಅಂದರು. "ಅದು ದೇಶ ಆಯ್ತು, ಊರು ಯಾವುದು?" ಅತ್ತಿಗೆ ಸುಮ್ಮನಾದರು.

ಅವರಪ್ಪನಿಗೆ 82 ವರ್ಷ, ಮರೆವು ಶುರುವಾಗಿದೆ. ಹುಡುಕೋದಾದ್ರೆ ಈಗಲೇ ಅಂತ ಅತ್ತಿಗೆ ಲ್ಯಾಪ್‌ಟಾಪ್ ಹಿಡಿದು ಕೂತರು.

ಅವರ ಮನೆಯಲ್ಲಿ ಒಂದು ಕಥೆ ಇತ್ತು: "ನಮ್ಮ ಹಿರಿಯರು ಬಂದಿದ್ದು ಹೆಕ್ಟರ್ ಹಡಗಿನಲ್ಲಿ." 1773ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಸುಮಾರು 200 ಜನರನ್ನು ನೋವಾ ಸ್ಕೋಷಿಯಾದ ಪಿಕ್ಟೌಗೆ ತಂದ ಹಡಗು ಅದು. ಅದರಲ್ಲಿ ಬಂದವರ ಮನೆತನ ಅಂದ್ರೆ ಅದರ ಗತ್ತೇ ಬೇರೆ. ಆನ್‌ಲೈನ್‌ನಲ್ಲಿ ಯಾರೋ ಮಾಡಿಟ್ಟ ವಂಶವೃಕ್ಷವೂ ಸಿಕ್ತು, ಹೆಸರೂ ಸರಿಹೊಂದಿತು. ಅಪ್ಪ ಖುಷಿಯಾಗಿ ಊರಿಗೆಲ್ಲ ಹೇಳಿಕೊಂಡರು.

ಆಮೇಲೆ ಅತ್ತಿಗೆ ಸ್ಮಶಾನಕ್ಕೆ ಹೋದರು. ಹಿರಿಯಜ್ಜನ ಸಮಾಧಿ ಕಲ್ಲಿನ ಮೇಲೆ ಮೂರು ಸಂಗತಿ ಇತ್ತು: ಸತ್ತಿದ್ದು 1868, ವಯಸ್ಸು 74, ಹುಟ್ಟಿದ್ದು ಸದರ್ಲೆಂಡಿನ ರೋಗರ್ಟ್. ಲೆಕ್ಕ ಹಾಕಿ ನೋಡಿ. ಹೆಕ್ಟರ್ ದಡ ಸೇರಿ ಇಪ್ಪತ್ತು ವರ್ಷ ಆದಮೇಲೆ, ಅದೂ ಸ್ಕಾಟ್ಲೆಂಡಿನಲ್ಲೇ ಹುಟ್ಟಿದವರು ಅವರು! ಹಡಗಿನಲ್ಲಿ ಬಂದವನು ಅದೇ ಹೆಸರಿನ ಬೇರೆ ಯಾರೋ.

ಸದರ್ಲೆಂಡ್ ಅಂದ ಕೂಡಲೇ ಬೇರೆ ಕಥೆ ತೆರೆದುಕೊಳ್ತು. 1810ರ ದಶಕದಲ್ಲಿ ಅಲ್ಲಿನ ಜಮೀನ್ದಾರರು ಕುರಿ ಸಾಕಣೆಗೆ ಜಾಗ ಬೇಕೆಂದು ಗೇಣಿದಾರರನ್ನು ಸಾಮೂಹಿಕವಾಗಿ ಎಬ್ಬಿಸಿದ್ದರು. ಹಾಗೆ ನೆಲ ಕಳೆದುಕೊಂಡ ಎಷ್ಟೋ ಜನ ಸಮುದ್ರ ದಾಟಿದರು.

ಸ್ಕಾಟ್ಲೆಂಡಿನ ಸರ್ಕಾರಿ ಜಾಲತಾಣ 'ಸ್ಕಾಟ್ಲೆಂಡ್ಸ್ ಪೀಪಲ್'ನಲ್ಲಿ ಹಳೆಯ ಚರ್ಚ್ ಪುಸ್ತಕಗಳಿವೆ. ರೋಗರ್ಟ್‌ನಲ್ಲಿ ಅದೇ ಹೆಸರಿನ ಇಬ್ಬರು ಹುಡುಗರು ಸಿಕ್ಕರು. ನಮ್ಮವನು ಯಾರು? ಇಲ್ಲಿ ನಮಗೆ ಗೊತ್ತಿರೋ ಪದ್ಧತಿಯೇ ಸಹಾಯಕ್ಕೆ ಬಂತು. ಅಲ್ಲೂ ಹಿರಿಮಗನಿಗೆ ಸಾಮಾನ್ಯವಾಗಿ ಅಪ್ಪನ ಅಪ್ಪನ ಹೆಸರು, ಎರಡನೇ ಮಗಳಿಗೆ ಅಪ್ಪನ ಅಮ್ಮನ ಹೆಸರು. ಹಿರಿಯಜ್ಜನ ಮಕ್ಕಳ ಹೆಸರು ಒಬ್ಬ ಹುಡುಗನ ಅಪ್ಪ ಅಮ್ಮನಿಗೆ ಮಾತ್ರ ತಾಳೆಯಾಯ್ತು. ಆ ಹುಡುಗನ ತಂಗಿ ಊರಲ್ಲೇ ಉಳಿದು 1855ರ ನಂತರ ತೀರಿಕೊಂಡಿದ್ದಳು. ಆ ವರ್ಷದಿಂದ ಅಲ್ಲಿ ಸರ್ಕಾರಿ ನೋಂದಣಿ ಶುರುವಾಯ್ತು. ಮರಣ ಪತ್ರದಲ್ಲಿ ತಂದೆಯ ಹೆಸರಿನ ಜೊತೆ ತಾಯಿಯ ತವರಿನ ಹೆಸರೂ ಬರೆಯುತ್ತಿದ್ದರು. ಹೋಗದೆ ಉಳಿದವಳ ಕಾಗದದಿಂದ ಹೋದವನ ತಾಯಿಯ ಮನೆತನ ತಿಳೀತು.

ಹೆಕ್ಟರ್ ಸುಳ್ಳು ಅಂತ ಅಪ್ಪನಿಗೆ ಹೇಳೋಕೆ ಅತ್ತಿಗೆಗೆ ಧೈರ್ಯ ಸಾಲಲಿಲ್ಲ. ಕೊನೆಗೆ ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿನ ಹೆಸರು ಇನ್ನೊಂದು ಸಲ ಹೇಳು" ಅಂದರಂತೆ. ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ಮರೆತುಹೋಗಬಾರದಲ್ಲ.

ಹೊಲದ ಖಾತೆಗೆಂದು ಮಾಡಿಸಿದ ನಮ್ಮ ಮನೆಯ ವಂಶವೃಕ್ಷ ತೆಗೆದು ನೋಡಿದೆ. ಮುತ್ತಜ್ಜಿಯ ಹೆಸರಿನ ಮುಂದೆ 'ಹೆಂಡತಿ' ಅಂತಷ್ಟೇ ಇದೆ. ಅವರ ತವರೂರು ಅಮ್ಮನಿಗೂ ಗೊತ್ತಿಲ್ಲ. ದೊಡ್ಡತ್ತೆಗೆ ಗೊತ್ತಿರಬಹುದು, ಅವರಿಗೀಗ 79.

ಈ ಭಾನುವಾರ ಫೋನ್ ಮಾಡ್ತಿದೀನಿ. ನೀವು?