ಆಸ್ಟ್ರೇಲಿಯಾದ 'ದೈತ್ಯ ಹಸು': ವಿಡಿಯೋ ನಿಜ, ಆದರೆ ಅದು ಹಸುವೇ ಅಲ್ಲ

ಕಂದು ಬಣ್ಣದ ದನಗಳ ಹಿಂಡು. ನಡುವೆ ಒಂದೇ ಒಂದು ಕಪ್ಪು-ಬಿಳಿ ಪ್ರಾಣಿ. ಅದರ ಮುಂದೆ ಉಳಿದವೆಲ್ಲ ಕರುಗಳಂತೆ ಕಾಣುತ್ತವೆ. 2018ರ ನವೆಂಬರ್ ಕೊನೆಯಲ್ಲಿ ಈ ವಿಡಿಯೋ ಜಗತ್ತಿನ ತುಂಬಾ ಓಡಾಡಿತು. ನಿಮ್ಮ ಫೋನಿಗೂ ಬಂದಿದ್ದರೆ ಮೊದಲು ಮೂಡುವ ಅನುಮಾನ ಒಂದೇ: ಇದು ಎಡಿಟ್ ಮಾಡಿದ್ದಾ?

ಅಲ್ಲ. ಆ ಪ್ರಾಣಿಯ ಹೆಸರು ನಿಕರ್ಸ್. ಇದ್ದದ್ದು ಪಶ್ಚಿಮ ಆಸ್ಟ್ರೇಲಿಯಾದ ಒಂದು ಫಾರ್ಮ್‌ನಲ್ಲಿ. ಆಗ ಅದಕ್ಕೆ 7 ವರ್ಷ. ಭುಜದವರೆಗಿನ ಎತ್ತರ 194 ಸೆಂಟಿಮೀಟರ್, ಅಂದರೆ ಸುಮಾರು 6 ಅಡಿ 4 ಇಂಚು. ತೂಕ ಸುಮಾರು 1,400 ಕೆಜಿ.

ಹಾಗಾದರೆ ತಪ್ಪು ಎಲ್ಲಿದೆ?

ಮೊದಲನೆಯದು, ಹೆಸರಿನಲ್ಲಿ. ಇಂಗ್ಲಿಷ್ ಸುದ್ದಿಗಳು ಇದನ್ನು 'ಕೌ' ಎಂದು ಬರೆದವು, ಅನುವಾದದಲ್ಲಿ ಅದು 'ಹಸು' ಆಯಿತು. ನಿಜವಾಗಿ ನಿಕರ್ಸ್ ಬೀಜ ಒಡೆಸಿದ ಗಂಡು. ಅದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ: ಎತ್ತು.

ಎರಡನೆಯದು, ಹೋಲಿಕೆಯಲ್ಲಿ. ಸುತ್ತ ಇದ್ದವು ವಾಗ್ಯು ಎಂಬ ಜಪಾನ್ ಮೂಲದ ತಳಿಯ ದನಗಳು. ಅವುಗಳ ಎತ್ತರ ಸುಮಾರು 140 ಸೆಂಟಿಮೀಟರ್. ನಿಕರ್ಸ್ ಹೋಲ್‌ಸ್ಟೀನ್ ಫ್ರೀಷಿಯನ್, ಅಂದರೆ ನಮ್ಮ ರೈತರು 'ಎಚ್‌ಎಫ್' ಎನ್ನುವ ಎತ್ತರದ ಹಾಲಿನ ತಳಿ. ತನ್ನದೇ ತಳಿಯ ಎತ್ತುಗಳ ನಡುವೆ ನಿಲ್ಲಿಸಿದ್ದರೂ ನಿಕರ್ಸ್ ದೊಡ್ಡದಾಗಿಯೇ ಕಾಣುತ್ತಿತ್ತು, ಆದರೆ 'ದೈತ್ಯ' ಅನ್ನಿಸುತ್ತಿರಲಿಲ್ಲ. ಅಷ್ಟೇ ಅಲ್ಲ, ಅದು ವಿಶ್ವದಾಖಲೆಯೂ ಅಲ್ಲ. ಇಟಲಿಯ ಬೆಲ್ಲಿನೋ ಎಂಬ ಎತ್ತು 2010ರಲ್ಲೇ 2 ಮೀಟರ್ ದಾಟಿ ಗಿನ್ನೆಸ್ ದಾಖಲೆ ಸೇರಿತ್ತು.

ಇಷ್ಟು ಬೆಳೆದದ್ದು ಹೇಗೆ? ಇಂಜೆಕ್ಷನ್ ಕೊಟ್ಟರಾ?

ಈ ಎತ್ತರಕ್ಕೆ ಇಂಜೆಕ್ಷನ್ ಬೇಕಿಲ್ಲ. ಮೂಳೆಗಳ ತುದಿಯಲ್ಲಿ ಮೃದು ಮೂಳೆಯ ಪದರವೊಂದು ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಪ್ರಾಯಕ್ಕೆ ಬಂದಾಗ ಲೈಂಗಿಕ ಹಾರ್ಮೋನುಗಳು ಆ ಪದರವನ್ನು ಗಟ್ಟಿಮಾಡಿ ಬೆಳವಣಿಗೆ ನಿಲ್ಲಿಸುತ್ತವೆ. ಎಳೆಯದರಲ್ಲೇ ಬೀಜ ಒಡೆಸಿದರೆ ಈ ಕೆಲಸ ತಡವಾಗುತ್ತದೆ, ಕಾಲಿನ ಮೂಳೆಗಳು ಇನ್ನಷ್ಟು ಕಾಲ ಬೆಳೆಯುತ್ತವೆ. ಜೊತೆಗೆ ಎತ್ತರದ ತಳಿ, ಹೊಟ್ಟೆ ತುಂಬಾ ಮೇವು, 7 ವರ್ಷದ ಆಯಸ್ಸು.

ಇದರಲ್ಲಿ ತೀರಾ ಅಪರೂಪದ್ದು ಆ ಕೊನೆಯದು: ಆಯಸ್ಸು.

ಹಾಲಿನ ತಳಿಯಲ್ಲಿ ಹುಟ್ಟಿದ ಗಂಡು ಕರು ಹಾಲು ಕೊಡುವುದಿಲ್ಲ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಅಂಥ ಕರುಗಳಲ್ಲಿ ಹಲವು ಹುಟ್ಟಿದ ಕೆಲವೇ ವಾರಗಳಲ್ಲಿ ಕಸಾಯಿಖಾನೆ ಸೇರುತ್ತವೆ, ಉಳಿದವನ್ನು ಮಾಂಸಕ್ಕಾಗಿ ಒಂದೆರಡು ವರ್ಷ ಸಾಕುತ್ತಾರೆ. ನಿಕರ್ಸ್ ಉಳಿದದ್ದು ಬೇರೆ ದನಗಳನ್ನು ಮುನ್ನಡೆಸುವ ಕೆಲಸಕ್ಕೆ. ಕೊನೆಗೆ ಮಾರಲು ಹೊರಟಾಗ, ತಮ್ಮ ಯಂತ್ರಗಳಿಗೆ ಇದು ತೀರಾ ದೊಡ್ಡದು ಎಂದು ಮಾಂಸ ಸಂಸ್ಕರಣೆಯವರು ಬೇಡವೆಂದರು. ಗಾತ್ರವೇ ಜೀವ ಉಳಿಸಿತು. ಅಂದರೆ ನಾವು ಬೆರಗಾಗಿ ನೋಡಿದ್ದು ಬೇರೆ ಜಾತಿಯ ಪ್ರಾಣಿಯನ್ನಲ್ಲ. ಪೂರ್ತಿ ಬೆಳೆಯುವಷ್ಟು ಕಾಲ ಬದುಕಿದ ಒಂದು ಎಚ್‌ಎಫ್ ಗಂಡನ್ನು.

ನಮ್ಮಲ್ಲೂ ಈ ಪ್ರಶ್ನೆ ದೂರದ್ದೇನಲ್ಲ. ಡೇರಿಗೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಎಚ್‌ಎಫ್ ಮಿಶ್ರತಳಿ ಹಸುಗಳಿವೆ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಗಂಡು ಕರು ಹುಟ್ಟಿದರೆ ಖರ್ಚು ಮಾತ್ರ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆಯನ್ನು ಸುಮಾರು ಶೇ. 90ಕ್ಕೆ ಏರಿಸುವ 'ಲಿಂಗ ವಿಂಗಡಿತ ವೀರ್ಯ'ವನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಗೋಕುಲ್ ಮಿಷನ್ ಪ್ರೋತ್ಸಾಹಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

ಫಾರ್ವರ್ಡ್ ಮಾಡುವ ಮುನ್ನ

ವಿಡಿಯೋ ಅಸಲಿಯೋ ನಕಲಿಯೋ ಎಂದು ಕೇಳಿದರೆ ಮಾತ್ರ ಸಾಲದು. ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಪಕ್ಕದಲ್ಲಿ ಇರುವುದು ಏನು? ಅದರ ನಿಜವಾದ ಅಳತೆ ಎಷ್ಟು?

2. ಶೀರ್ಷಿಕೆಯ ಪದ ಚಿತ್ರದಲ್ಲಿರುವ ಪ್ರಾಣಿಗೆ ಹೊಂದುತ್ತದೆಯೇ?

3. ಇಂಥದ್ದು ನಮಗೆ ಅಪರೂಪವಾದದ್ದು ಏಕೆ?

ಮೊದಲೆರಡು ಪ್ರಶ್ನೆ ಸುಳ್ಳು ಹಿಡಿಯುತ್ತವೆ. ಕಥೆ ಸಿಗುವುದು ಮೂರನೆಯದರಲ್ಲಿ. ನಿಕರ್ಸ್ ವಿಡಿಯೋ ಮತ್ತೆ ಬಂದರೆ ಧಾರಾಳವಾಗಿ ಕಳಿಸಿ, ಜೊತೆಗೆ ಒಂದು ಸಾಲು ಸೇರಿಸಿ: ಇದು ಹಸುವಲ್ಲ, ಬದುಕಲು ಅವಕಾಶ ಸಿಕ್ಕ ಒಂದು ಎತ್ತು.